ಹಸಿ ಬಣ್ಣದ ಕುರ್ಚಿ

ತಪಾಸಣೆಗೆ ಸಾಹೇಬರು ಬರುತ್ತಾರೆ ಅಂದರೆ ಸಾಕು, ಆ ಊರಿನ ಶಾಲೆಯ ಕುರ್ಚಿಗೆ ಹೊಸ ಬಣ್ಣ ಬೀಳಲೇಬೇಕು. ಅಂದೂ ಬೆಳಿಗ್ಗೆ ಬಿದ್ದಿತ್ತು, ಕಡು ನೀಲಿ. ಅದು ಒಣಗುವ ಮೊದಲೇ ಜೀಪು ಬಂದು ನಿಂತಿತು.

ಪುಟ್ಟಗೌರಿ ಟೀಚರ ನಾಲ್ಕನೇ ತರಗತಿ ಎಂದಿನಂತೆ ಗಲಗಲ ಅನ್ನುತ್ತಿತ್ತು. ಅಲ್ಲಿ ಮಕ್ಕಳು ಪ್ರಶ್ನೆ ಕೇಳಿದ್ದೇ ಕೇಳಿದ್ದು. ಟೀಚರು ತಪ್ಪು ಬರೆದರೆ ಅವರನ್ನೂ ಬಿಡುತ್ತಿರಲಿಲ್ಲ.

"ಇದೇನು ಶಾಲೆಯೋ ಸಂತೆಯೋ?" ಬಿಳಿ ಪ್ಯಾಂಟಿನ ಸಾಹೇಬರು ಬಾಗಿಲಲ್ಲೇ ಗುಡುಗಿದರು. "ಒಳ್ಳೆ ಶಾಲೆಯಲ್ಲಿ ಮಕ್ಕಳು ಪಿಟಕ್ ಅನ್ನಬಾರದು. ನಾನು ಹೇಳುವವರೆಗೆ ಯಾರಾದರೂ ಬಾಯಿ ಬಿಟ್ಟರೋ, ನಿಮ್ಮನ್ನು ಎತ್ತಂಗಡಿ ಮಾಡಿಸ್ತೀನಿ ಟೀಚರ್!"

ಹಾಗಂದವರೇ ನೆಟ್ಟಗೆ ಆ ನೀಲಿ ಕುರ್ಚಿಯತ್ತ ನಡೆದರು. ಟೀಚರು ಅವಸರದಿಂದ ಮುಂದೆ ಬಂದರು.

"ಸಾರ್, ಆ ಕುರ್ಚಿ..."

"ಶ್! ನಿಮ್ಮನ್ನೂ ಸೇರಿಸಿಯೇ ಹೇಳಿದ್ದು!"

ಟೀಚರು ಮಕ್ಕಳತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

ಸಾಹೇಬರು ಕೂತೇಬಿಟ್ಟರು. ಮಕ್ಕಳು ಕಣ್ಣು ಕಣ್ಣು ಬಿಟ್ಟರು. ಒಬ್ಬಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಯಾರ ಉಸಿರೂ ಕೇಳಲಿಲ್ಲ.

"ನೋಡಿದಿರಾ? ಶಾಲೆ ಅಂದರೆ ಇದು!" ಸಾಹೇಬರು ಬೀಗುತ್ತ ಎದ್ದರು. ಅವರ ಜೊತೆ ಕುರ್ಚಿಯೂ ಅರ್ಧ ಎದ್ದು ಧಡಕ್ಕನೆ ಬಿತ್ತು. ಗಾಬರಿಯಿಂದ ಹಿಂದಕ್ಕೆ ಕೈ ಹಾಕಿ ನೋಡಿದರೆ ಅಂಗೈಯೆಲ್ಲ ನೀಲಿ.

"ಅಯ್ಯಯ್ಯೋ! ಇಷ್ಟು ಜನ ನೋಡ್ತಾ ಇದ್ದೀರಲ್ಲ, ಒಬ್ಬರಾದರೂ ಹೇಳಬಾರದಿತ್ತಾ?"

"ನಮ್ಮ ಶಾಲೆಯಾಗಿದ್ದರೆ ಎಲ್ಲರೂ ಕೂಗಿಬಿಡೋರು ಸಾರ್," ಅಂದರು ಪುಟ್ಟಗೌರಿ ಟೀಚರು, ಮೆಲ್ಲಗೆ. "ನೀವು ಕೂತಿದ್ದು ನಿಮ್ಮ ಶಾಲೆಯಲ್ಲಿ."