ನೆಂದ ತೊಗಲಿನ ತೂಕ

"ಕೇಳಿರಪ್ಪಾ ಕೇಳಿ. ನರಸಿಂಗರಾಯ ಅರಸರ ಅಪ್ಪಣೆ. ಗಂಗಮ್ಮತಾಯಿಯ ಕಲ್ಲಿನ ಹೊಸ ಮೂರ್ತಿ ಹೊಳೆಯಾಚೆಯ ಗುಡಿಗೆ ದಾಟಬೇಕು. ಅರಸರ ಮೂರು ಒಗಟು ಬಿಡಿಸಿದವನಿಗೆ ಆ ಸೇವೆ, ಜೊತೆಗೆ ಈ ಹೊಳೆ ದಾಟಿಸುವ ಹಕ್ಕು ತಲೆತಲಾಂತರಕ್ಕೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆದಂಡ."

ಡಂಗುರ ಹೊಳೆದಂಡೆಗೆ ಬಂದಾಗ ಅಂಬಿಗರ ಮಾಳಿಂಗ ತಲೆ ಎತ್ತಲಿಲ್ಲ. ಅವನು ತಲೆ ತಗ್ಗಿಸಿ ವರ್ಷವಾಗಿತ್ತು.

ಹೋದ ವರ್ಷ ಅವನು ಬಿದಿರು ಬಾಗಿಸಿ, ಎಮ್ಮೆ ತೊಗಲು ಬಿಗಿದು, ತನ್ನ ಕೈಯಾರೆ ಮೊದಲ ಹರಿಗೋಲು ಕಟ್ಟಿದ್ದ. ಬೆಳಗ್ಗೆ ಕಲ್ಲು ಹೇರಿ ನೋಡಿ, "ಹತ್ತು ಜನ, ಎರಡು ಆಡು. ಒಂದು ಆಳೂ ಕಮ್ಮಿ ಬೇಡ" ಎಂದು ಎದೆ ತಟ್ಟಿಕೊಂಡ. ದಿನವಿಡೀ ಅಷ್ಟೇ ಭಾರ ಹೊತ್ತು ದಾಟಿದ ಹರಿಗೋಲು ಸಂಜೆ ನಡುಹೊಳೆಯಲ್ಲಿ ಮುಳುಗಿತು. ತಾಯಿಯ ದಯೆ, ಜನರೆಲ್ಲ ಈಜಿ ಬಂದರು. ಮುದುಕಿ ಸಿದ್ದವ್ವನ ಎರಡು ಹಾಲಿನ ಆಡು ಬರಲಿಲ್ಲ. ಯಾಕೆ ಮುಳುಗಿತೆಂದು ಕೇಳಿದವರಿಗೆ ಮಾಳಿಂಗನ ನಾಲಿಗೆ ಹೇಳಿತು: "ಅಜ್ಜಿ ಹೇಳಿದ ಕಡೆ ಕೂರಲಿಲ್ಲ. ಒಂದು ಪಕ್ಕಕ್ಕೆ ವಾಲಿತು."

ಅಂದಿನಿಂದ ಯಾವ ಅಂಬಿಗನೂ ಸಿದ್ದವ್ವನನ್ನು ಹತ್ತಿಸಿಕೊಳ್ಳಲಿಲ್ಲ. ಆಚೆ ದಡದ ಗಂಗಮ್ಮನ ಗುಡಿಗೆ ಅವಳು ಈಚೆ ದಡದಿಂದಲೇ ಕೈಮುಗಿಯುತ್ತಿದ್ದಳು.

ಮಾಳಿಂಗ ಆಮೇಲೆ ಕದ ಹಾಕಿಕೊಂಡು ಪರೀಕ್ಷೆ ಮಾಡಿದ್ದ. ಅಂಚಿನವರೆಗೆ ನೀರು ತುಂಬಿದ ಗುಡಾಣದಲ್ಲಿ ಕಲ್ಲು ಹಾಕಿದ ತೆಂಗಿನ ಚಿಪ್ಪು ತೇಲಿಬಿಟ್ಟು, ಹೊರಗೆ ಚೆಲ್ಲಿದ ನೀರನ್ನು ತಕ್ಕಡಿಗಿಟ್ಟ. ಚಿಪ್ಪು, ಕಲ್ಲು ಎರಡೂ ಸೇರಿದಷ್ಟೇ ತೂಗಿತು. ಹರಿಗೋಲಿನ ತೊಗಲಿನ ಚೂರನ್ನು ಒಣಗಿಸಿ ತೂಗಿದ, ನೆನೆಸಿ ತೂಗಿದ. ತಪ್ಪು ಯಾರದೆಂದು ಅಂದೇ ತಿಳಿಯಿತು. ತಿಳಿದೂ ಸುಮ್ಮನಿದ್ದ. ಆಚೆಯ ಗುಡಿಯಲ್ಲಿ ದೀಪ ಹಚ್ಚುವಾಗ ಗಂಗಮ್ಮನ ಮುಖ ನೋಡಲಾಗದೆ ಬತ್ತಿಯನ್ನೇ ನೋಡುತ್ತಿದ್ದ.

ಈಗ ಡಂಗುರ ಕೇಳಿ ಕೈಯಲ್ಲಿದ್ದ ಹುಟ್ಟನ್ನು ಕೆಳಗಿಟ್ಟ. ಇನ್ಯಾರೋ ಒಣ ತೊಗಲಿನ ಲೆಕ್ಕ ಹಿಡಿದು ತಾಯಿಯನ್ನೂ ಮುಳುಗಿಸಿಬಿಟ್ಟರೆ? ಅವನು ಎದ್ದು ಅರಮನೆಗೆ ನಡೆದ.

ಅಲ್ಲಿ ಅವನಿಗಿಂತ ಮುಂಚೆ ಇಬ್ಬರಿದ್ದರು. ದವಸದ ಶೆಟ್ಟರ ಮಗನನ್ನು ಅರಸ ಕೇಳಿದ: "ಮೊಳೆಯಷ್ಟು ಕಬ್ಬಿಣ ಮುಳುಗುತ್ತದೆ, ಕೊಪ್ಪರಿಗೆಯಷ್ಟು ಕಬ್ಬಿಣ ತೇಲುತ್ತದೆ. ಕೊಪ್ಪರಿಗೆಯನ್ನು ಹೊತ್ತದ್ದು ಯಾವುದು?"

"ಅದರ ತೆಳುವು, ಮಹಾಸ್ವಾಮಿ. ತೆಳುವಾದದ್ದು ಹಗುರ."

"ಹಗುರವಾದರೆ ನೀನೇ ಎತ್ತಪ್ಪ," ಎಂದ ಅರಸ. ಶೆಟ್ಟರ ಮಗ ಎತ್ತಲಾರದೆ ಸೆರೆಮನೆಗೆ ನಡೆದ.

ಜೋಯಿಸರ ಮಗನಿಗೆ ಬೇರೆ ಒಗಟು: "ದೋಣಿ ಹೊಳೆಗೊಂದು ಕಾಣಿಕೆ ಕೊಡುತ್ತದೆ. ಭಾರ ಹೆಚ್ಚಿದಷ್ಟೂ ಹೆಚ್ಚು ಕೊಡುತ್ತದೆ, ಇಳಿಸಿದಾಗ ಹಿಂದಕ್ಕೆ ಪಡೆಯುತ್ತದೆ. ಏನದು?"

"ಪುಣ್ಯ," ಎಂದ ಅವನು ಕಣ್ಣುಮುಚ್ಚಿ.

"ಕೊಟ್ಟ ಪುಣ್ಯವನ್ನು ವಾಪಸ್ಸು ಕೇಳುವವನು ನೀನೊಬ್ಬನೇ ಕಣಯ್ಯ." ಅವನೂ ಸೆರೆಗೆ ಹೋದ.

ಮಾಳಿಂಗನ ಸರದಿ ಬಂತು. ಅವೇ ಒಗಟು ಅವನಿಗೂ. ಮೊದಲನೆಯದಕ್ಕೆ ಅವನು ಮೆಲ್ಲಗೆ ಹೇಳಿದ: "ಅದರ ಹೊಟ್ಟೆಯೊಳಗಿನ ಬಯಲು, ಬುದ್ಧಿ. ಮೊಳೆಯ ಒಡಲು ತುಂಬ ಕಬ್ಬಿಣವೇ. ಕೊಪ್ಪರಿಗೆ ಒಳಗೆ ಬರಿದು, ಅದಕ್ಕೇ ಬಹಳ ನೀರನ್ನು ಅತ್ತ ಸರಿಸುತ್ತದೆ. ಸರಿದ ನೀರು ತನ್ನ ಜಾಗಕ್ಕೆ ಬರಲು ಒತ್ತಿ, ಅದನ್ನು ಮೇಲೆತ್ತುತ್ತದೆ."

"ಎರಡನೆಯದು?"

"ಆ ಸರಿದ ನೀರೇ ಕಾಣಿಕೆ. ದೋಣಿಯೂ ಹೇರೂ ಸೇರಿ ಎಷ್ಟು ತೂಗುತ್ತದೋ ಅಷ್ಟೇ ತೂಕದ ನೀರು. ಅಷ್ಟು ಸರಿಸುವ ಮುಂಚೆ ಅಂಚು ಮುಳುಗಿದರೆ ಹೊಳೆ ಒಳಗೆ ಬರುತ್ತದೆ."

ಸಭೆ ತಲೆದೂಗಿತು. ಅರಸ ಮಾತ್ರ ನಗಲಿಲ್ಲ. "ಬೆಳಗ್ಗೆ ತೇಲಿದ ಹರಿಗೋಲು ಸಂಜೆ ಮುಳುಗಿತು. ಅದೇ ಹೊಳೆ, ಅಷ್ಟೇ ಹೇರು. ತೂತಿಲ್ಲ, ಗಾಳಿಯಿಲ್ಲ. ಮುಳುಗಿಸಿದವರು ಯಾರು?"

ಮಾಳಿಂಗ ಸಭೆಯತ್ತ ತಿರುಗಿದ. ಕಂಬದ ಬುಡದಲ್ಲಿ ಸಿದ್ದವ್ವ ಕೂತಿದ್ದಳು.

"ತೊಗಲು," ಎಂದ ಅವನು. "ದಿನವಿಡೀ ನೀರು ಕುಡಿದು ಅದೇ ಭಾರವಾಯಿತು."

"ಕುಡಿದದ್ದು ತೊಗಲು. ನಾನು ಕೇಳಿದ್ದು ಮುಳುಗಿಸಿದವರನ್ನು."

ಆ ಹೊತ್ತಿನಲ್ಲಿ ಅವನಿಗೆ ತಲೆ ಹೋಗುವುದೇ ಹಗುರವೆನ್ನಿಸಿತು. ಆದರೂ ಬಾಯಿ ಬಿಟ್ಟ. "ನಾನು, ಬುದ್ಧಿ. ಒಣ ತೊಗಲಿನ ಲೆಕ್ಕ ಹಿಡಿದೆ, ನೆಂದದ್ದನ್ನು ಎಣಿಸಲಿಲ್ಲ. ಮುಳುಗಿದ ಮೇಲೆ ತಪ್ಪನ್ನು ಈ ಅವ್ವನ ತಲೆಗೆ ಕಟ್ಟಿದೆ. ಅವಳು ಕೂತಲ್ಲಿಂದ ಕದಲಿರಲಿಲ್ಲ."

ಅರಸ ಸಿದ್ದವ್ವನತ್ತ ನೋಡಿದ. "ಉತ್ತರ ಸರಿ," ಎಂದ. "ವರ್ಷದಿಂದ ಈ ಮುದುಕಿ ನನ್ನ ಬಾಗಿಲಲ್ಲಿ ಕೇಳುತ್ತಿದ್ದದ್ದು ಇದನ್ನೇ: ನಾನು ಕದಲಲಿಲ್ಲ, ಹಾಗಾದರೆ ಮುಳುಗಿಸಿದ್ದು ಯಾರು ಅಂತ. ಹರಿಗೋಲು ಕಟ್ಟಿದವನ ಹೆಸರು ಒಂದು ದಿನವೂ ಹೇಳಲಿಲ್ಲ."

ಮಾಳಿಂಗ ನೆಲಕ್ಕೆ ಕುಸಿದು ಅವಳ ಕಾಲು ಹಿಡಿದ. "ಆಡು ಹೋಗಲಿ ಬಿಡು ಮಗಾ," ಎಂದಳು ಸಿದ್ದವ್ವ. "ಅಮ್ಮನ ಮುಖ ನೋಡದಂಗೆ ಮಾಡಿದೆಯಲ್ಲ."

"ನಾನೂ ನೋಡಿಲ್ಲ ಅವ್ವಾ," ಎಂದ ಅವನು.

ಅರಸ ಹೊಳೆಯ ಹಕ್ಕು ಕೊಟ್ಟ, ಕೈಗೆ ಚಿನ್ನದ ಕಡಗ ತೊಡಿಸಿದ. ಮಾಳಿಂಗ ಅರಸನನ್ನು ಬೇಡಿ ಸೆರೆಯಲ್ಲಿದ್ದ ಇಬ್ಬರ ತಲೆ ಉಳಿಸಿದ. ಕಡಗ ಮಾರಿ ಸಿದ್ದವ್ವನಿಗೆ ಎರಡು ಹಾಲಿನ ಆಡು ತಂದ. ಹೊಸ ಹರಿಗೋಲು ಕಟ್ಟಿ, ಮೂರು ದಿನ ಹೊಳೆಯಲ್ಲಿ ನೆನೆಸಿ, ಆಮೇಲೆ ಕಲ್ಲು ಹೇರಿ, ನೀರು ಮುಟ್ಟಬಹುದಾದ ಎತ್ತರಕ್ಕೆ ಸುಣ್ಣದ ಗೆರೆ ಎಳೆದ.

ತಾಯಿಯ ಮೂರ್ತಿಯನ್ನು ನಡುವೆ ಇಟ್ಟರು. ಮೊದಲು ಹತ್ತಿದವಳು ಸಿದ್ದವ್ವ. ಅಂಚು ಹಿಡಿದು ನಿಂತು ಕೇಳಿದಳು: "ಎಲ್ಲಿ ಕೂರಲಿ?"

ದಡದ ಜನರೆಲ್ಲ ಕೇಳುವಂತೆ ಮಾಳಿಂಗ ಹೇಳಿದ: "ನಿನಗೆ ಎಲ್ಲಿ ಬೇಕೋ ಅಲ್ಲಿ ಕೂರವ್ವಾ."

ಅವಳು ಒಂದು ಪಕ್ಕಕ್ಕೆ, ತಾಯಿಯ ಮುಖ ಕಾಣುವಂತೆ ಕೂತಳು. ಸುಣ್ಣದ ಗೆರೆ ನೀರಿನ ಮೇಲೇ ಉಳಿಯಿತು. ಅವರನ್ನು ದಾಟಿಸಿದ ತಾಯಿ, ತಪ್ಪು ಹೊತ್ತ ನಮ್ಮನ್ನೂ ದಾಟಿಸಲಿ.