ತಮಟೆಯವನನ್ನು ತಡೆದರು

"ಗುರುಗಳೇ, ಆಟದಲ್ಲಿ ಬಿಲ್ಲುಗಾರನ ಪಾತ್ರವನ್ನೇ ಆರಿಸು ಅಂತಾರೆ ನಮ್ಮ ತಂಡದವರು. ನನಗೆ ಅಂಬಿಗನೇ ಇಷ್ಟ. ನಾಳೆ ಪಂದ್ಯ. ಅವರ ಮಾತು ಕೇಳಲಾ, ನನ್ನ ಮಾತು ಕೇಳಲಾ?" ಎಂದು ತಿಪ್ಪೇಶ ಕೇಳಿದ.

ಗುರುಗಳೆಂದರೆ ಹಳೇ ಆಟಗಾರರು. ಈಗ ಗೇಮಿಂಗ್ ಸೆಂಟರಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಆಟ ಕಲಿಸುತ್ತಾರೆ. ಮಠವಿಲ್ಲ, ಗಡ್ಡವಿದೆ. ಅವರು ಮಂಡಕ್ಕಿ ಪೊಟ್ಟಣ ಪಕ್ಕಕ್ಕಿಟ್ಟು ಕತೆ ಶುರುಮಾಡಿದರು. ಕರೆಂಟ್ ಹೋಗಿತ್ತು, ಹಾಗಾಗಿ ಎಲ್ಲರೂ ಭಕ್ತಿಯಿಂದ ಕೇಳಿದರು.

ಒಬ್ಬ ಆಟಗಾರನಿದ್ದ. ಅವನು ಆಡುತ್ತಿದ್ದುದು ತಮಟೆಯವನ ಪಾತ್ರ. ತಮಟೆಯವನ ಹತ್ತಿರ ಕತ್ತಿಯಿಲ್ಲ, ಬಾಣವಿಲ್ಲ. ಬಾರಿಸಿದರೆ ಎದುರಿನವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ, ಅಷ್ಟೇ. ನೋಡುವವರು ನಗುತ್ತಿದ್ದರು. ಆಟಗಾರನೂ ಅವರ ಜೊತೆ ನಕ್ಕು ಮತ್ತೆ ಅವನನ್ನೇ ಆರಿಸುತ್ತಿದ್ದ. ದೊಡ್ಡ ದೊಡ್ಡ ಯೋಧರನ್ನು ಹಿಂದಕ್ಕೆ ತಳ್ಳುತ್ತಾ ತಳ್ಳುತ್ತಾ ಹಳ್ಳಕ್ಕೆ ಬೀಳಿಸುವುದರಲ್ಲಿ ಅವನಿಗೆ ಎಲ್ಲಿಲ್ಲದ ಮಜಾ.

ತಂಡ ಫೈನಲ್‌ಗೆ ಬಂತು. ಯಾರು ಯಾವ ಪಾತ್ರ ಆರಿಸಿ ಗೆದ್ದರು ಎಂದು ನೋಡಿ ಹೇಳುವ ವಿಶ್ಲೇಷಕನೊಬ್ಬ ತಂಡದಲ್ಲಿದ್ದ. ಅವನು ಲ್ಯಾಪ್‌ಟಾಪ್ ತೆರೆದು ಕೂತ.

"ಬಿಲ್ಲುಗಾರನನ್ನ ಆರಿಸು. ಈ ವರ್ಷ ಗೆದ್ದವರೆಲ್ಲ ಅವನನ್ನೇ ಆರಿಸಿದ್ದಾರೆ."

"ಸೋತವರು ಯಾರನ್ನ ಆರಿಸಿದ್ರು ಸಾರ್?"

ವಿಶ್ಲೇಷಕ ಮತ್ತೆ ಪರದೆ ನೋಡಿದ. "ಅವರೂ ಬಿಲ್ಲುಗಾರನನ್ನೇ."

ತಂಡದ ನಾಯಕನಿಗೆ ರೇಗಿತು. "ಜಾಣತನ ಸಾಕು ಮಾಡಲೇ. ನಾಳೆ ತಮಟೆ ಮುಟ್ಟಿದಿಯೋ, ತಂಡದಿಂದ ಆಚೆ."

ಆಟಗಾರನಿಗೆ ತಂಡ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಶಾಲೆ ಅವನನ್ನು ಯಾವತ್ತೋ ಕೈಬಿಟ್ಟಿತ್ತು. ಆದರೂ ವೇದಿಕೆ ಹತ್ತುವಾಗ ಅವನ ಮನಸ್ಸು ಗಟ್ಟಿಯಾಗಿತ್ತು. ಹಾಕಿದರೆ ಹಾಕಲಿ ಆಚೆ, ಬಾರಿಸಿಯೇ ಹೋಗುತ್ತೇನೆ ಅಂದುಕೊಂಡ.

ಆ ಆಟದಲ್ಲೊಂದು ನಿಯಮವಿದೆ. ಪಾತ್ರ ಆರಿಸುವ ಮೊದಲು ಎರಡೂ ತಂಡಗಳು ಒಂದೊಂದು ಪಾತ್ರವನ್ನು ತಡೆಯಬಹುದು. ತಡೆದ ಪಾತ್ರವನ್ನು ಆ ಪಂದ್ಯದಲ್ಲಿ ಯಾರೂ ಆಡುವಂತಿಲ್ಲ. ಯಾರನ್ನು ಕಂಡರೆ ಭಯವೋ ಅವರನ್ನೇ ತಡೆಯುವುದು ವಾಡಿಕೆ. ಈ ತಂಡದವರು ಮಂತ್ರವಾದಿಯನ್ನು ತಡೆದರು. ಎದುರಿನವರು ಬಿಲ್ಲುಗಾರನನ್ನು ತಡೆಯಬಹುದಿತ್ತು. ತಡೆಯಲಿಲ್ಲ. ತಮಟೆಯವನನ್ನು ತಡೆದರು.

ಸೇರಿದ್ದ ಜನ ಗೊಳ್ಳೆಂದು ನಕ್ಕರು. ಎದುರಾಳಿಗಳು ನಗುತ್ತಿಲ್ಲ ಎಂದು ಕಂಡಮೇಲೆ ಸುಮ್ಮನಾದರು. ಬಿಲ್ಲುಗಾರನಿಗೆ ಏನು ಉತ್ತರ ಕೊಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ತಮಟೆಗೆ ಏನು ಉತ್ತರವೆಂದು ಎದುರಾಳಿಗಳು ಹುಡುಕಿ ಹುಡುಕಿ ಸುಸ್ತಾಗಿದ್ದರು.

ಆಟಗಾರ ಕುರ್ಚಿಯಿಂದ ಎದ್ದು, ಎದುರಾಳಿಗಳ ಕಡೆ ತಿರುಗಿ, ನೆಲ ಮುಟ್ಟಿ ನಮಸ್ಕಾರ ಮಾಡಿದ.

"ತಲೆ ಕೆಟ್ಟೈತೇನಲೇ? ನಿನ್ನ ತಮಟೆಯವನನ್ನ ಕಿತ್ಕೊಂಡ್ರಲ್ಲೋ!" ಅಂದ ನಾಯಕ.

"ಕಿತ್ಕೊಳ್ಳಲಿಲ್ಲಣ್ಣ, ಒಪ್ಕೊಂಡ್ರು. ನೀವೇ ಇನ್ನೂ ಒಪ್ಕೊಂಡಿಲ್ಲ."

ಆಮೇಲೆ ಅವನು ನಾಯಕ ಹೇಳಿದಂತೆ ಬಿಲ್ಲುಗಾರನನ್ನು ಆರಿಸಿದ. ತಂಡ ಸೋತಿತು. ಅವನನ್ನು ಆಚೆ ಹಾಕುವ ಮಾತನ್ನು ಮಾತ್ರ ಮತ್ತೆ ಯಾರೂ ಎತ್ತಲಿಲ್ಲ.

ಕತೆ ಮುಗಿಯಿತು. ತಿಪ್ಪೇಶ ತೊಡೆ ತಟ್ಟಿ ಎದ್ದ.

"ಹಂಗಾದ್ರೆ ನಾಳೆ ಅಂಬಿಗನೇ ಗುರುಗಳೇ! ಯಾರ ಮಾತೂ ಕೇಳಲ್ಲ."

ಗುರುಗಳು ಅವನ ಮುಖವನ್ನೇ ನೋಡಿದರು.

"ಕೇಳಬೇಡ, ಆದರೆ ನಿನ್ನ ಅಂಬಿಗನನ್ನು ತಡೆಯಬೇಕು ಅಂತ ಇವತ್ತಿನವರೆಗೆ ಯಾರಿಗಾದರೂ ಅನ್ನಿಸಿದೆಯೇನೋ?"