ಯಾರಿಗೂ ನೆನಪಿಲ್ಲದ ಗೋಲ್‌ಕೀಪರ್

ಮಡಿಕೇರಿಯ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದ ದೇಚಮ್ಮ, ಅಪ್ಪ ಬಿಟ್ಟುಹೋದ, ಗೋಲ್‌ಕೀಪರೊಬ್ಬನ ಚಿತ್ರವಿದ್ದ ಹಳೆಯ ಹಾಕಿ ಕಾರ್ಡೊಂದನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಳು. ಬೆಲೆ ನಾಲ್ಕು ಸಾವಿರ. ಹೊಲಿಗೆ ಯಂತ್ರ ಕೊಳ್ಳಲು ಅವಳಿಗೆ ಅಷ್ಟೇ ಕಡಿಮೆ ಬಿದ್ದಿತ್ತು.

ಮಂಗಳೂರಿನಿಂದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ವಾಮನ ಪೈಗಳು ಫೋನ್ ಮಾಡಿ ಗದರಿದರು.

"ಈ ಗೋಲ್‌ಕೀಪರ್ ಬೆಳ್ಯಪ್ಪ ಈಗ ಯಾರಿಗೆ ನೆನಪಿದ್ದಾನೆ? ನಾನೂರು ಕೊಡ್ತೇನೆ, ಇವತ್ತೇ ಕಳಿಸು."

ದೇಚಮ್ಮ ವಾದಕ್ಕಿಳಿಯಲಿಲ್ಲ. "ನನಗೂ ಗೊತ್ತಿಲ್ಲ ಸಾರ್. ಅವರು ಹೇಗೆ ಆಡ್ತಿದ್ರು?" ಎಂದು ಮೆಲ್ಲಗೆ ಕೇಳಿದಳು.

ಪೈಗಳ ದನಿ ಮೆತ್ತಗಾಯಿತು. ಮಂಜು ಕವಿದ ಮೈದಾನ, ಚಿಕ್ಕಂದಿನಲ್ಲಿ ತಮ್ಮಪ್ಪನ ಹೆಗಲೇರಿ ಕೂತ ತಾವು, ಆ ಬಿಳುಪಿನೊಳಗಿಂದ ಹಕ್ಕಿಯಂತೆ ಹಾರಿಬಂದು ಚೆಂಡು ತಡೆದ ಬೆಳ್ಯಪ್ಪ, ಎಲ್ಲವನ್ನೂ ಹೇಳುತ್ತ ಹೋದರು. ದೇಚಮ್ಮ ಕಣ್ಣು ಮುಚ್ಚಿದಳು. ಅವಳ ಸುತ್ತಲೂ ಮಂಜು ಇಳಿಯಿತು. ದೂರದಲ್ಲೆಲ್ಲೋ ಚಪ್ಪಾಳೆ ತೇಲಿತು. ಮುಕ್ಕಾಲು ಗಂಟೆ ಸರಿದದ್ದು ಇಬ್ಬರಿಗೂ ತಿಳಿಯಲಿಲ್ಲ.

ಕೊನೆಗೆ ಅವಳೆಂದಳು, "ಯಾರಿಗೂ ನೆನಪಿಲ್ಲದವರ ಬಗ್ಗೆ ಇಷ್ಟು ಹೇಳಿದ್ರಿ ಸಾರ್. ನೆನಪಿರೋರಾಗಿದ್ರೆ ನಿಮ್ಮ ಮಾತು ಮುಗಿಯೋದ್ರೊಳಗೆ ಇವತ್ತು ನನ್ನ ಊಟದ ಹೊತ್ತೇ ಮೀರ್ತಿತ್ತು!"

ಆ ಕಡೆ ಪೈಗಳು ಗಹಗಹಿಸಿ ನಕ್ಕರು.

"ಪೂರ್ತಿ ನಾಲ್ಕು ಸಾವಿರ ಹಾಕ್ತೇನೆ ತಾಯಿ. ಎರಡು ರಟ್ಟಿನ ನಡುವೆ ಇಟ್ಟು ಕಳಿಸಿ. ಅವನಿಗೆ ಎಲ್ಲೂ ನೋವಾಗಬಾರದು."